ಎಲ್ಲಕ್ಕಿಂತ ಆಳದ ತಗ್ಗು ಬೇಕೆ? ಯಾವ ವಿಧಾನ ಹಿಡಿಯಬೇಕು

ಬೆಳಗಾವಿಯ ಫೌಂಡ್ರಿಯಲ್ಲಿ ರೈಸರ್ (ಎರಕ ಕುಗ್ಗಿದಾಗ ಲೋಹ ತುಂಬಿಕೊಡುವ ಕುಳಿ) ಅಳತೆ ನಿರ್ಧರಿಸುವವರಿರಲಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿಗಳ ಸರದಿ ಹಾಕುವವರಿರಲಿ, ವೆಚ್ಚದ ಫಂಕ್ಷನ್ ಎಲ್ಲಿ ಅತಿ ಕಡಿಮೆ (ಅದೇ ಅತಿ ಆಳದ ತಗ್ಗು) ಎಂದು ಹುಡುಕುವಾಗ ಮೊದಲು ನೋಡಬೇಕಾದದ್ದು ಎರಡು: ಫಂಕ್ಷನ್‌ಗೆ ಗ್ರೇಡಿಯಂಟ್ (ಯಾವ ದಿಕ್ಕಿಗೆ ಎಷ್ಟು ಇಳಿಜಾರು ಎಂಬ ಲೆಕ್ಕ) ಸಿಗುತ್ತದೆಯೇ? ಒಂದು ಸಲ ಲೆಕ್ಕ ಹಾಕಲು ಎಷ್ಟು ಹೊತ್ತು?

ಗ್ರೇಡಿಯಂಟ್ ಇದ್ದು ತಗ್ಗುಗಳು ಕಡಿಮೆ ಇದ್ದರೆ ಮಲ್ಟಿ-ಸ್ಟಾರ್ಟ್ ಸಾಕು. ಬೇರೆ ಬೇರೆ ಬಿಂದುಗಳಿಂದ ಬಿಎಫ್‌ಜಿಎಸ್ (ಗ್ರೇಡಿಯಂಟ್ ಹಿಡಿದು ಹತ್ತಿರದ ತಗ್ಗಿಗೆ ಇಳಿಯುವ ವಿಧಾನ) ಓಡಿಸಿ, ಸಿಕ್ಕವುಗಳಲ್ಲಿ ಅತಿ ಕಡಿಮೆ ಮೌಲ್ಯದ್ದನ್ನು ಉಳಿಸಿಕೊಳ್ಳಿ. ಆದರೆ ವಿಧಾನಗಳನ್ನು ಪರೀಕ್ಷಿಸಲು ಬಳಸುವ 10 ಚರಗಳ ರಾಸ್ಟ್ರಿಗಿನ್ ಫಂಕ್ಷನ್‌ನಲ್ಲಿ, −5.12ರಿಂದ 5.12ರೊಳಗೆ, ಚರಕ್ಕೆ 11ರಂತೆ ಸುಮಾರು 2,594 ಕೋಟಿ ತಗ್ಗುಗಳು. ಅಲ್ಲಿ ಇದು ಕೈಕೊಡುತ್ತದೆ.

ಅಂಥ ಕಡೆ ನನ್ನ ಮೊದಲ ಆಯ್ಕೆ ಡಿಫರೆನ್ಷಿಯಲ್ ಎವಲ್ಯೂಷನ್ (ಸ್ಟಾರ್ನ್ ಮತ್ತು ಪ್ರೈಸ್, 1997): ಬಿಂದುಗಳ ಗುಂಪಿನಲ್ಲಿ ಎರಡರ ವ್ಯತ್ಯಾಸವನ್ನು ಇನ್ನೊಂದಕ್ಕೆ ಕೂಡಿಸಿ ಹೊಸ ಬಿಂದು ಮಾಡುತ್ತದೆ. ಚರಗಳ ಹತ್ತು ಪಟ್ಟು ಬಿಂದುಗಳು, ಎಫ್ (ಆ ವ್ಯತ್ಯಾಸವನ್ನು ಗುಣಿಸುವ ಅಂಕಿ) 0.5ರಿಂದ 0.8. ಚರಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಸಿಆರ್ (ಪ್ರತಿ ಚರವನ್ನು ಹೊಸ ಬಿಂದುವಿನಿಂದ ತೆಗೆದುಕೊಳ್ಳುವ ಸಂಭವನೀಯತೆ) 0.9, ರಾಸ್ಟ್ರಿಗಿನ್‌ನಂತೆ ಬಿಡಿಬಿಡಿಯಾಗಿದ್ದರೆ 0.2ರ ಆಸುಪಾಸು. ಬಿಂದುಗಳೆಲ್ಲ ಬೇಗ ಒಂದೇ ಕಡೆ ಗುಂಪುಗೂಡಿದರೆ ಎಫ್ ಏರಿಸಿ.

ಲಾರಿ ಸರದಿಗೆ ಸಿಮ್ಯುಲೇಟೆಡ್ ಅನೀಲಿಂಗ್ ಚೆನ್ನಾಗಿ ಒಗ್ಗುತ್ತದೆ. ಎರಡು ಲಾರಿಗಳ ಜಾಗ ಅದಲುಬದಲು ಮಾಡಿ. ವೆಚ್ಚ Δ ಹೆಚ್ಚಿದರೂ e^(−Δ/T) ಸಂಭವನೀಯತೆಯಿಂದ ಒಪ್ಪಿ (T ಎಂದರೆ ಹಂತಹಂತವಾಗಿ ಇಳಿಸುವ ‘ತಾಪಮಾನ’). T ಶುರುವಿಗೆ Δಗಳಷ್ಟೇ ದೊಡ್ಡದಿರಲಿ, ಹಂತಕ್ಕೆ 0.95ರಿಂದ 0.99 ಗುಣಿಸಿ. ಅವಸರದಲ್ಲಿ ತಣಿಸಿದರೆ ಸಿಕ್ಕ ತಗ್ಗಿನಲ್ಲೇ ಕೂತುಬಿಡುತ್ತದೆ.

ಒಂದು ಸಿಮ್ಯುಲೇಷನ್‌ಗೇ ತಾಸುಗಟ್ಟಲೆ ಹಿಡಿದರೆ ಬೇಸಿಯನ್ ವಿಧಾನ (ಈವರೆಗಿನ ಫಲಿತಾಂಶಗಳಿಂದ ಅಂದಾಜಿಸಿ ಮುಂದಿನ ಬಿಂದು ಆರಿಸುವುದು). ಖಾತರಿಯೇ ಬೇಕೆಂದರೆ ಇಂಟರ್ವಲ್ ಲೆಕ್ಕದ ಬ್ರಾಂಚ್-ಅಂಡ್-ಬೌಂಡ್ (ಜಾಗವನ್ನು ತುಂಡು ಮಾಡಿ, ಅತಿ ಆಳದ ತಗ್ಗು ಇರಲಾರದ ತುಂಡುಗಳನ್ನು ಕೈಬಿಡುವುದು) ಹಿಡಿಯಿರಿ, ಅದೂ ಚರಗಳು ಕೆಲವೇ ಇದ್ದಾಗ.