ಎನ್‌ಕ್ಲೆಕ್ಸ್‌ಗೆ ಮೆಡ್-ಸರ್ಜ್ ಓದು: ದಪ್ಪ ಪುಸ್ತಕವೋ, ಭಾನುವಾರದ ಕ್ಲಾಸೋ, ಪ್ರಶ್ನೆ ಬ್ಯಾಂಕೋ?

ಮುಂಬೈ ಆಸ್ಪತ್ರೆಗಳಲ್ಲಿರುವ ನಮ್ಮೂರ ಕಡೆಯ ನರ್ಸ್‌ಗಳು ಅಮೆರಿಕದಲ್ಲಿ ನರ್ಸ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಬರೆಯಬೇಕು ಅಂದುಕೊಂಡ ಕೂಡಲೇ ಕೇಳುವುದು ಒಂದೇ: ಮೆಡ್-ಸರ್ಜ್‌ಗೆ ಏನು ಓದಲಿ? ಮೆಡ್-ಸರ್ಜ್ ಅಂದರೆ ದೊಡ್ಡವರ ಕಾಯಿಲೆ, ಆಪರೇಷನ್ ಆದವರ ಆರೈಕೆ. ಪರೀಕ್ಷೆಯಲ್ಲಿ ನಮ್ಮನ್ನು ಜಾಸ್ತಿ ಕಾಡುವುದು ಇದೇ. ಡೊಂಬಿವಲಿಯಿಂದ ದಿನಾ ಡ್ಯೂಟಿಗೆ ಓಡಾಡುತ್ತಲೇ ನಾನು ಮೂರನ್ನೂ ಬಳಸಿ ನೋಡಿದ್ದೇನೆ. ದಪ್ಪ ಟೆಕ್ಸ್ಟ್‌ಬುಕ್, ದಾದರ್ ಕಡೆಯ ಒಂದು ಭಾನುವಾರದ ಕ್ಲಾಸ್, ದುಡ್ಡು ಕೊಟ್ಟು ಕೊಂಡ ಪ್ರಶ್ನೆ ಬ್ಯಾಂಕ್, ಅಂದರೆ ಉತ್ತರ, ವಿವರಣೆ ಸಮೇತ ಅಭ್ಯಾಸದ ಪ್ರಶ್ನೆಗಳ ಆನ್‌ಲೈನ್ ಸಂಗ್ರಹ. ಮೂರಕ್ಕೂ ದುಡ್ಡು ಹಾಕಲು ಆಗದಿದ್ದರೆ ಪ್ರಶ್ನೆ ಬ್ಯಾಂಕ್‌ಗೆ ಹಾಕಿ. ಇದು ನನ್ನ ಖಚಿತ ಅಭಿಪ್ರಾಯ.

ಪುಸ್ತಕವನ್ನು ನಾನು ತಳ್ಳಿಹಾಕುತ್ತಿಲ್ಲ. ‘ಯಾಕೆ’ ಅನ್ನುವುದು ಅರ್ಥವಾಗುವುದು ಅಲ್ಲೇ. ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಕೊಟ್ಟರೆ ಪೊಟ್ಯಾಸಿಯಂ ಇಳಿಯುತ್ತದೆ. ಪೊಟ್ಯಾಸಿಯಂ ಇಳಿದರೆ ಹೃದಯದ ಔಷಧಿ ಡಿಗಾಕ್ಸಿನ್ ಮೈಗೆ ವಿಷವಾಗುವ ಅಪಾಯ ಏರುತ್ತದೆ. ಈ ಕೊಂಡಿ ಒಮ್ಮೆ ತಲೆಗೆ ಹೋದರೆ ಉರು ಹೊಡೆಯುವ ಕೆಲಸವೇ ಇಲ್ಲ. ಫ್ಲೂಯಿಡ್-ಇಲೆಕ್ಟ್ರೋಲೈಟ್ (ಮೈಯ ನೀರು-ಲವಣ), ಹೃದಯ, ಎಂಡೋಕ್ರೈನ್ (ಹಾರ್ಮೋನ್), ಈ ಮೂರು ಭಾಗವನ್ನು ಪುಸ್ತಕದಿಂದಲೇ ಓದಿ. ಆದರೆ ನೈಟ್ ಡ್ಯೂಟಿ ಮುಗಿಸಿ ಬಂದು ಮೊದಲ ಪುಟದಿಂದ ಕೊನೆಯವರೆಗೂ ಓದುತ್ತೇನೆ ಅಂದರೆ ಅದು ಆಗುವ ಮಾತಲ್ಲ.

ಪ್ರಶ್ನೆ ಬ್ಯಾಂಕ್ ಏನು ಮಾಡುತ್ತದೆ ನೋಡಿ. ನಿಮ್ಮ ಕೈಯಲ್ಲಿ ನಾಲ್ವರು ಪೇಷಂಟ್. ಸಿಒಪಿಡಿ, ಅಂದರೆ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಇರುವ ಅಜ್ಜ, ಆಕ್ಸಿಜನ್ ಸ್ಯಾಚುರೇಶನ್ 90. ಮಂಡಿ ಆಪರೇಷನ್ ಆಗಿ ಎರಡು ದಿನವಾದ ಹೆಂಗಸು, ನೋವು ಹತ್ತಕ್ಕೆ ಏಳು. ಶುಗರ್ 250 ಇರುವ ಡಯಾಬಿಟಿಸ್‌ನವರು. ಬೆಳಿಗ್ಗೆಯಷ್ಟೇ ಥೈರಾಯ್ಡ್ ಆಪರೇಷನ್ ಆದಾಕೆ, ಉಸಿರು ಎಳೆದಾಗ ಕೀರಲು ಸದ್ದು. ಮೊದಲು ಯಾರನ್ನು ನೋಡುತ್ತೀರಿ? ಕಣ್ಣು ಸೀದಾ ಆ 90ರ ಮೇಲೆ ಹೋಗುತ್ತದೆ, ಅಲ್ವಾ? ಆದರೆ ಸಿಒಪಿಡಿಯಲ್ಲಿ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು, ಅಜ್ಜನಿಗೆ ಅದು ಮಾಮೂಲು. ಕತ್ತಿನ ಆಪರೇಷನ್ ಆದವಳ ಸದ್ದು ಮಾಮೂಲಲ್ಲ, ಉಸಿರಿನ ದಾರಿ ಮುಚ್ಚುತ್ತಿದೆ ಅಂತ ಅರ್ಥ. ಓಡಬೇಕಾದದ್ದು ಅಲ್ಲಿಗೆ. ಈ ಎರಡು ಸಂಗತಿಯೂ ಪುಸ್ತಕದಲ್ಲಿ ಇವೆ, ಆದರೆ ಬೇರೆ ಬೇರೆ ಅಧ್ಯಾಯದಲ್ಲಿ, ನೂರಾರು ಪುಟ ದೂರದಲ್ಲಿ. ಪ್ರಶ್ನೆ ಬ್ಯಾಂಕ್ ಇಬ್ಬರನ್ನೂ ಒಂದೇ ವಾರ್ಡಿನಲ್ಲಿ ಮಲಗಿಸಿ ಕೇಳುತ್ತದೆ. ಪರೀಕ್ಷೆಯೂ ಹಾಗೇ ಕೇಳುತ್ತದೆ.

ನಮ್ಮವರಿಗೆ ಇನ್ನೊಂದು ತೊಡಕಿದೆ. ರಕ್ತ ಹಾಕಲು ಶುರು ಮಾಡಿ ಸ್ವಲ್ಪ ಹೊತ್ತಿಗೇ ಪೇಷಂಟ್‌ಗೆ ಚಳಿ, ಸೊಂಟನೋವು, ಅಂದರೆ ಆ ರಕ್ತ ಮೈಗೆ ಒಗ್ಗದಿರುವ ಲಕ್ಷಣ. ನನ್ನ ಜೊತೆ ಓದುತ್ತಿದ್ದ ಕಾರ್ಕಳದ ಹುಡುಗಿ ಕೇಳಿದಳು, “ಅಕ್ಕಾ, ಮೊದಲು ಡಾಕ್ಟರಿಗೆ ಹೇಳೋದಲ್ವಾ?” ನಮ್ಮ ವಾರ್ಡುಗಳಲ್ಲಿ ಬೆಳೆದ ರೂಢಿ ಅದು. ಎನ್‌ಕ್ಲೆಕ್ಸ್ ಕೇಳುವುದು ಬೇರೆ: ಮೊದಲು ರಕ್ತ ನಿಲ್ಲಿಸಿ, ಹೊಸ ಟ್ಯೂಬಿನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳಿ, ಆಮೇಲೆ ಫೋನ್. ನರ್ಸ್ ತಾನೇ ಮಾಡಬಹುದಾದ ಕೆಲಸ ಎದುರಿಗಿದ್ದರೆ ಅದೇ ಮೊದಲು. ಈ ತಿದ್ದುಪಡಿ ಆದದ್ದು ಉತ್ತರದ ಕೆಳಗಿನ ವಿವರಣೆ ಓದಿ ಓದಿ. ಉತ್ತರ ಸರಿ ಬಂದರೂ ಉಳಿದ ಮೂರು ಯಾಕೆ ಅಲ್ಲ ಅನ್ನುವುದನ್ನು ಓದಲೇಬೇಕು. ಸುಮ್ನೆ ಸ್ಕೋರ್ ನೋಡಿ ಮುಂದೆ ಹೋದರೆ ಕೊಟ್ಟ ದುಡ್ಡು ದಂಡ.

ಕ್ಲಾಸ್ ಬಗ್ಗೆ ಹೇಳುವುದು ಕಡಿಮೆ. ಫೀಸ್ ಮೂರರಲ್ಲಿ ಅದರದ್ದೇ ಜಾಸ್ತಿ. ಎಬಿಜಿ, ಅಂದರೆ ರಕ್ತದ ಆಕ್ಸಿಜನ್, ಆಮ್ಲೀಯತೆ ತೋರಿಸುವ ರಿಪೋರ್ಟ್, ಓದುವುದನ್ನು ಬೋರ್ಡ್ ಮೇಲೆ ಚೆನ್ನಾಗಿ ಬಿಡಿಸಿ ಹೇಳಿದರು, ಅದು ಇವತ್ತಿಗೂ ಐಸಿಯುನಲ್ಲಿ ಕೆಲಸಕ್ಕೆ ಬರುತ್ತಿದೆ. ಉಳಿದದ್ದು ನರ್ಸಿಂಗ್ ಕಾಲೇಜಿನ ನೋಟ್ಸನ್ನೇ ಮತ್ತೆ ಓದಿಸಿದ ಹಾಗೆ. ಓದು ಬಿಟ್ಟು ತುಂಬಾ ವರ್ಷವಾಗಿ, ಒಬ್ಬರೇ ಕೂತರೆ ಪುಸ್ತಕ ತೆರೆಯಲು ಮನಸ್ಸೇ ಬಾರದವರಿಗೆ ಮಾತ್ರ ಕ್ಲಾಸ್ ಹೇಳುತ್ತೇನೆ.

ಪ್ರಶ್ನೆ ಬ್ಯಾಂಕ್‌ಗೂ ಮಿತಿ ಇದೆ. ಬಿಡಿ ಪ್ರಶ್ನೆಗಳನ್ನು ಸೆಂಟ್ರಲ್ ಲೈನಿನ ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಮಾಡಬಹುದು. ಆದರೆ 2023ರ ಏಪ್ರಿಲ್‌ನಿಂದ ಪರೀಕ್ಷೆಯಲ್ಲಿ ಕೇಸ್ ಸ್ಟಡಿ ಬಂದಿವೆ. ಒಬ್ಬ ಪೇಷಂಟ್‌ನ ನರ್ಸ್ ನೋಟ್ಸ್, ವೈಟಲ್ಸ್, ಲ್ಯಾಬ್ ರಿಪೋರ್ಟ್ ಎಲ್ಲ ಬೇರೆ ಬೇರೆ ಟ್ಯಾಬಿನಲ್ಲಿ, ಅದರ ಮೇಲೆ ಆರು ಪ್ರಶ್ನೆ. ಫೋನಿನ ಸಣ್ಣ ಪರದೆಯಲ್ಲಿ ಅದು ಕಷ್ಟ, ಲ್ಯಾಪ್‌ಟಾಪ್ ಬೇಕು. ಪರೀಕ್ಷೆ ಐದು ಗಂಟೆಯವರೆಗೆ ಇರುತ್ತದೆ, ಪ್ರಶ್ನೆ 85ರಿಂದ 150. ಉತ್ತರ ಕೊಟ್ಟು ಮುಂದೆ ಹೋದರೆ ಹಿಂದಕ್ಕೆ ಬರುವಂತಿಲ್ಲ. ಹಾಗಾಗಿ ಹಿಂದೆ ಹೋಗಿ ತಿದ್ದಲು ಬಿಡುವ ಅಭ್ಯಾಸ ಪರೀಕ್ಷೆ ಬೇಡ.

ಔಷಧಿ ಹೆಸರುಗಳಿಗೆ ಒಂದು ಚೀಟಿ ನೀವೇ ಮಾಡಿಕೊಳ್ಳಿ. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದವರಿಗೆ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಬ್ಯುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್, ಪೆಥಿಡಿನ್ ಮೆಪೆರಿಡಿನ್.

ಕೊಳ್ಳುವ ಹೊತ್ತೂ ಮುಖ್ಯ. ಸರ್ಟಿಫಿಕೇಟ್ ಪರಿಶೀಲನೆ, ಅಮೆರಿಕದ ನರ್ಸಿಂಗ್ ಬೋರ್ಡಿನ ಕಾಗದಪತ್ರ ಅಂತ ತಿಂಗಳುಗಟ್ಟಲೆ ಹೋಗುತ್ತದೆ. ಆ ಹೊತ್ತಿಗೆ ಪುಸ್ತಕ ಓದಿ, ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಪ್ರಶ್ನೆ ಬ್ಯಾಂಕ್‌ಗೆ ಗಡುವು ಇರುತ್ತದೆ. ಪರೀಕ್ಷೆಗೆ ಅನುಮತಿ ಪತ್ರ, ಅಂದರೆ ಎಟಿಟಿ, ಬರುವ ಹೊತ್ತಾದಾಗ ಕೊಂಡರೆ ಸಾಕು. ಕೇಸ್ ಸ್ಟಡಿ ಇರುವ ಹೊಸ ಮಾದರಿಯದ್ದೇ ತೆಗೆದುಕೊಳ್ಳಿ.