ಇಂಜಿನ್ ಬಡಿಯೋ ಸೌಂಡ್ ಎಲ್ಲಿಂದ ಅಂತ ತೋರ್ಸೋವರೆಗೂ ಬಿಚ್ಚೋಕೆ ಬಿಡ್ಬೇಡಿ

ಬೈಕ್ ಇಂಜಿನ್‌ನಿಂದ ಬಡಿಯೋ ಸೌಂಡ್ ಬರ್ತಿದೆ ಅಂತ ಗ್ಯಾರೇಜಿಗೆ ಹೊರಟಿರೋರು ದಯವಿಟ್ಟು ಇದನ್ನ ಓದ್ಕೊಂಡು ಹೋಗಿ. ನನ್ನ ಬೈಕಿಗೆ ಫುಲ್ ಇಂಜಿನ್ ಕೆಲ್ಸ ಮಾಡಿದ್ರು, ಚೆನ್ನಾಗಿದ್ದ ಕ್ರ್ಯಾಂಕ್ (ಪಿಸ್ಟನ್ ಮೇಲೆ ಕೆಳಗೆ ಆಡೋದ್ರಿಂದ ತಿರುಗೋ ಶಾಫ್ಟ್) ಬಿಚ್ಚಿ ಹಾಳ್ ಮಾಡಿ ಕೊಟ್ರು, ಸೌಂಡ್ ಮಾತ್ರ ಹಾಗೇ ಉಳೀತು.

ಸಿಂಗಲ್ ಸಿಲಿಂಡರ್ ಬೈಕು. ಇಂಜಿನ್ ಬಿಸಿ ಆದ್ಮೇಲೆ ನ್ಯೂಟ್ರಲ್‌ನಲ್ಲಿ ನಿಂತಾಗ ಬಲಗಡೆಯಿಂದ ಡಗ ಡಗ ಅಂತ ಬರ್ತಿತ್ತು, ಸ್ವಲ್ಪ ರೇಸ್ ಕೊಟ್ರೆ ಕಮ್ಮಿ ಆಗ್ತಿತ್ತು. ಗ್ಯಾರೇಜಿನವ್ರು ಒಂದೆರಡು ಸಲ ಜೋರಾಗಿ ರೇಸ್ ಮಾಡಿ "ಕನೆಕ್ಟಿಂಗ್ ರಾಡ್ ಹೋಗಿದೆ ಸರ್" ಅಂದ್ರು, ಅಂದ್ರೆ ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರಿಸೋ ರಾಡು. ಮೊದ್ಲು ಚೆಕ್ ಮಾಡಿ ಫೋನ್ ಮಾಡಿ, ನಾನು ಹೇಳೋವರೆಗೂ ಬಿಚ್ಬೇಡಿ ಅಂತ ಹೇಳಿ ಬಂದಿದ್ದೆ, ಸಂಜೆ ಹೋಗಿ ನೋಡಿದ್ರೆ ಇಂಜಿನ್ ಪೂರ್ತಿ ಟ್ರೇನಲ್ಲಿ ಬಿದ್ದಿತ್ತು. ಹಳೇ ರಾಡ್ ಎಲ್ಲಿ ತೋರ್ಸಿ, ಎಷ್ಟು ಪ್ಲೇ (ಸಡಿಲ) ಇತ್ತು ಅಂತ ಕೇಳಿದ್ರೆ ಆಗ್ಲೇ ಕ್ರ್ಯಾಂಕ್ ಬಿಚ್ಚಿ ಹೊಸ ರಾಡ್ ಕೂರ್ಸೋ ಪ್ರೆಸ್ಸಿಗೆ ಹೋಗಿದೆ ಅನ್ನೋ ಉತ್ತರ.

ಎಲ್ಲಾ ಜೋಡಿಸಿ ಸ್ಟಾರ್ಟ್ ಮಾಡಿದ್ರೆ ಅದೇ ಡಗ ಡಗ, ಜೊತೆಗೆ ಹ್ಯಾಂಡಲ್‌ನಲ್ಲಿ ಮೊದಲು ಇಲ್ದೇ ಇದ್ದ ವೈಬ್ರೇಶನ್. "ಹೊಸ ಪಾರ್ಟು, ಸೆಟ್ ಆಗುತ್ತೆ, ಓಡ್ಸಿ" ಅಂದ್ರು. ಆಗ್ಲಿಲ್ಲ. ಆಮೇಲೆ ಬೇರೆ ಮೆಕ್ಯಾನಿಕ್ ಹತ್ರ ತಗೊಂಡು ಹೋದೆ, ಅವ್ರು ಸ್ಪ್ಯಾನರೇ ಮುಟ್ಲಿಲ್ಲ, ಇಂಜಿನ್ ಬಿಸಿ ಆಗೋವರೆಗೂ ಕಾದು ಕ್ಲಚ್ ಲಿವರ್ ಹಿಡಿದ್ರು ಅಷ್ಟೇ, ಸೌಂಡ್ ನಿಂತೋಯ್ತು. ಬಿಟ್ರೆ ಮತ್ತೆ ಬಂತು. ಕ್ಲಚ್ ಕವರ್ ತೆಗೆದು ಹೌಸಿಂಗ್ (ಕ್ಲಚ್ ಪ್ಲೇಟ್ ಕೂರೋ ಬುಟ್ಟಿ) ಕೈಗೆ ಕೊಟ್ರು, ಹಿಂದಿನ ಗೇರ್ ಹಿಡ್ಕೊಂಡು ತಿರುಗ್ಸಿದ್ರೆ ಹೌಸಿಂಗ್ ಬೇರೆ ಗೇರ್ ಬೇರೆ ಆಡ್ತಿತ್ತು. ಎಷ್ಟೋ ಬೈಕಲ್ಲಿ ಇವೆರಡರ ಮಧ್ಯೆ ಜರ್ಕ್ ತಡ್ಕೊಳ್ಳೋಕೆ ಸ್ಪ್ರಿಂಗೋ ರಬ್ಬರೋ ಇರುತ್ತೆ, ಅದು ಸಡಿಲ ಆದ್ರೆ ರೇಸ್ ಕೊಡ್ದೇ ನಿಂತಾಗ, ಅಂದ್ರೆ ಐಡಲ್‌ನಲ್ಲಿ ಪ್ರತಿ ಪವರ್ ಸ್ಟ್ರೋಕಿಗೂ ಗೇರ್ ಹಿಂದೆ ಮುಂದೆ ಬಡಿಯುತ್ತೆ, ಕೇಳೋಕೆ ಥೇಟ್ ರಾಡ್ ಹೋದ ಹಾಗೇ ಇರುತ್ತೆ. ಮೊದಲನೇ ಗ್ಯಾರೇಜಿನವ್ರು ಇದೇ ಹೌಸಿಂಗ್ ಬಿಚ್ಚಿ, ತೊಳ್ದು, ಹಾಗೇ ವಾಪಸ್ ಹಾಕಿದ್ರು ಅನ್ನೋದೇ ನಂಗೆ ಇವತ್ತಿಗೂ ಸಿಟ್ಟು ಬರ್ಸೋದು.

ಅದಕ್ಕೆ ಹೇಳ್ತಿರೋದು, ಏನೂ ಬಿಚ್ದೇ ನೋಡ್ಬಹುದಾದ್ದು ಬೇಕಾದಷ್ಟಿದೆ. ಮೊದ್ಲು ಆಯಿಲ್ ಲೆವೆಲ್, ಇಂಜಿನ್ ಮೌಂಟಿಂಗ್ ಬೋಲ್ಟು, ಸೈಲೆನ್ಸರ್ ಗ್ಯಾಸ್ಕೆಟ್ ನೋಡಿ, ಗ್ಯಾಸ್ಕೆಟ್ ಲೀಕ್ ಆದ್ರೂ ಟಕ್ ಟಕ್ ಅನ್ನುತ್ತೆ. ಆಮೇಲೆ ಸೌಂಡ್ ಯಾವಾಗ ಬರುತ್ತೆ ಅಂತ ಗಮನಿಸಿ. ತಣ್ಣಗಿದ್ದಾಗ ಜೋರಾಗಿದ್ದು ಬಿಸಿ ಆದ್ಮೇಲೆ ಕಮ್ಮಿ ಆದ್ರೆ ಪಿಸ್ಟನ್ ತಾನು ಓಡಾಡೋ ಬೋರಲ್ಲಿ (ಸಿಲಿಂಡರಲ್ಲಿ) ಸಡಿಲ ಇರ್ಬಹುದು, ಬಿಸಿಗೆ ಪಿಸ್ಟನ್ ಹಿಗ್ಗಿ ಗ್ಯಾಪ್ ಮುಚ್ಚುತ್ತೆ. ಟ್ಯಾಪೆಟ್ (ವಾಲ್ವ್ ಒತ್ತೋ ಭಾಗ) ಸೌಂಡ್ ತೆಳ್ಳಗೆ ಟಿಕ್ ಟಿಕ್ ಅಂತ ಇಂಜಿನ್ ಮೇಲಿನ ಹೆಡ್‌ನಿಂದ ಬರುತ್ತೆ, ವಾಲ್ವ್ ತೆರೆಯೋ ಕ್ಯಾಮ್ ಕ್ರ್ಯಾಂಕಿನ ಅರ್ಧ ಸ್ಪೀಡಲ್ಲಿ ತಿರುಗೋದ್ರಿಂದ ಐಡಲ್‌ನಲ್ಲಿ ಇಂಜಿನ್ ನಿಮಿಷಕ್ಕೆ 1400 ಸುತ್ತು ತಿರುಗಿದ್ರೆ ಒಂದು ವಾಲ್ವ್ ನಿಮಿಷಕ್ಕೆ 700 ಸಲ ಬಡಿಯುತ್ತೆ, ಅಂದ್ರೆ ಇಂಜಿನ್ ಸ್ಪೀಡಿಗಿಂತ ನಿಧಾನ ಅನ್ಸುತ್ತೆ. ಕ್ಯಾಮ್ ತಿರುಗ್ಸೋ ಟೈಮಿಂಗ್ ಚೈನ್ ಆದ್ರೆ ಸರಸರ ಅಂತ ಚೈನ್ ಇರೋ ಕಡೆಯಿಂದ. ಟಾಪ್ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಆಕ್ಸಿಲರೇಟರ್ ತಿರುಗ್ಸಿದಾಗ ಮಾತ್ರ ಕಟಕಟ ಅಂದು, ಬಿಟ್ ತಕ್ಷಣ ನಿಂತ್ರೆ ಅದು ಪೆಟ್ರೋಲ್ ಉರಿಯೋದ್ರಲ್ಲಿ ತೊಂದ್ರೆ, ಕಾರ್ಬನ್ನೋ ಸ್ಪಾರ್ಕ್ ಟೈಮಿಂಗೋ ಪೆಟ್ರೋಲೋ ನೋಡ್ಬೇಕು. ಉದ್ದ ಸ್ಕ್ರೂಡ್ರೈವರ್ ತುದಿ ಇಂಜಿನ್ ಮೇಲಿಟ್ಟು ಹಿಡಿಗೆ ಕಿವಿ ಕೊಟ್ರೆ ಯಾವ ಕಡೆ ಜೋರು ಅಂತ ಗೊತ್ತಾಗುತ್ತೆ, ತಿರುಗೋ ಭಾಗ ಮತ್ತೆ ಬಿಸಿ ಸೈಲೆನ್ಸರ್‌ನಿಂದ ದೂರ ಇರಿ. ನನ್ನ ಬೈಕಲ್ಲಿ ಈ ಸ್ಕ್ರೂಡ್ರೈವರ್ ಒಂದೇ ಸಾಕಿತ್ತು, ಕ್ಲಚ್ ಕವರ್ ಮೇಲೆ ಅಷ್ಟು ಸ್ಪಷ್ಟ ಕೇಳ್ತಿತ್ತು.

ಆದ್ರೆ ಒಂದು ಮಾತು, ನಿಜವಾಗ್ಲೂ ಬಿಗ್ ಎಂಡ್ (ರಾಡ್ ಕ್ರ್ಯಾಂಕಿಗೆ ಸೇರೋ ಕಡೆಯ ಬೇರಿಂಗ್) ಹೋಗಿದ್ರೆ ಓಡಿಸ್ಲೇಬೇಡಿ. ಆ ಸೌಂಡ್ ತಳದಿಂದ ದಪ್ಪಗೆ ಬರುತ್ತೆ, ಲೋಡ್ ಬಿದ್ದಷ್ಟೂ ಜಾಸ್ತಿ ಆಗುತ್ತೆ, ಕ್ಲಚ್ ಹಿಡಿದ್ರೂ ಬದಲಾಗಲ್ಲ. ಆಯಿಲ್ ಬಸ್ದಾಗ ಹೊಳೆಯೋ ಚೂರು ಬಂದು ಅದು ಮ್ಯಾಗ್ನೆಟ್‌ಗೆ ಹಿಡಿದ್ರೆ ಉಕ್ಕಿನ ಭಾಗ ಸವೀತಿದೆ ಅಂತ ಲೆಕ್ಕ. ಹಾಗೇ ಓಡ್ಸಿ ರಾಡ್ ಮುರಿದ್ರೆ ಕ್ರ್ಯಾಂಕ್‌ಕೇಸನ್ನೇ ಒಡ್ಕೊಂಡು ಬರುತ್ತೆ, ಚಕ್ರ ಲಾಕ್ ಆಗಿ ನೀವೂ ಬೀಳ್ತೀರ. ಗಾಡಿ ಟೆಂಪೋದಲ್ಲಿ ಹಾಕ್ಕೊಂಡು ಹೋಗಿ.

"ದಪ್ಪ ಆಯಿಲ್ ಹಾಕ್ತೀನಿ, ಸೌಂಡ್ ಹೋಗುತ್ತೆ" ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ, ಸೌಂಡ್ ಮುಚ್ಚುತ್ತೆ ಅಷ್ಟೇ, ಸವೆತ ನಿಲ್ಲಲ್ಲ. ಸೆಕೆಂಡ್ ಹ್ಯಾಂಡ್ ಬೈಕ್ ಮಾರೋರೂ ಇದನ್ನ ಮಾಡ್ತಾರೆ, ಹುಷಾರು.

ಗ್ಯಾರೇಜಲ್ಲಿ ಬಿಡುವಾಗ ಜಾಬ್ ಕಾರ್ಡಲ್ಲಿ "ಕೇಳ್ದೇ ಇಂಜಿನ್ ಬಿಚ್ಚಬಾರದು" ಅಂತ ಬರೆಸಿ, ಬಾಯಲ್ಲಿ ಹೇಳಿದ್ದು ನನಗೆ ಉಪಯೋಗಕ್ಕೆ ಬರ್ಲಿಲ್ಲ. ಬೋರ್ ತೆಗೆದ್ಮೇಲೆ ರಾಡನ್ನ ನೀವೇ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡೋದು ಸಹಜ, ಅದನ್ನೇ ತೋರ್ಸಿ ಹೆದರಿಸ್ತಾರೆ. ಮೇಲೆ ಕೆಳಗೆ ಮಾತ್ರ ಟಕ್ ಅನ್ನಬಾರದು.

ಹೌಸಿಂಗ್ ಬದಲಾಯಿಸಿದ್ಮೇಲೆ ನನ್ನ ಬೈಕಿನ ಸೌಂಡ್ ಹೋಯ್ತು, ವೈಬ್ರೇಶನ್ ಹೋಗಿಲ್ಲ. ಪ್ರೆಸ್ಸಲ್ಲಿ ಕೂರ್ಸಿದ ಕ್ರ್ಯಾಂಕ್ ಓರೆ ಇರ್ಬೇಕು ಅಂತಾರೆ, ಮತ್ತೆ ಇಂಜಿನ್ ಇಳಿಸ್ಬೇಕಂತೆ. ಈ ಸಲ ಓರೆ ಎಷ್ಟು ಅಂತ ಅಳೆಯೋ ಡಯಲ್ ಗೇಜ್ ರೀಡಿಂಗ್ ನನ್ನ ಕಣ್ಣಾರೆ ನೋಡೋವರೆಗೂ ಜೋಡಿಸೋಕೆ ಬಿಡಲ್ಲ.