ಚಿತ್ತಾರದ ಚರ್ಮಕ್ಕೆ ಎಣ್ಣೆ, ಬಣ್ಣ, ಮೆರುಗು: ಒಂದು ಹೋಲಿಕೆ

ತೊಗಟೆಯಿಂದ ಹದ ಮಾಡಿದ ಚರ್ಮವನ್ನು ತೇವಗೊಳಿಸಿ, ಅಚ್ಚುಗಳಿಂದ ಬಡಿದು ಮೂಡಿಸಿದ ಚಿತ್ತಾರದ ಆಳ ಉಳಿಯುವುದೂ ಅಳಿಯುವುದೂ ಆಮೇಲೆ ಹಚ್ಚುವ ವಸ್ತುಗಳನ್ನು ಅವಲಂಬಿಸಿದೆ. ಒಂದೇ ತೊಗಲಿನ ಬೆನ್ನಿನ ಭಾಗದಿಂದ ಕತ್ತರಿಸಿದ ತುಂಡುಗಳ ಮೇಲೆ ಒಂದೇ ಬಳ್ಳಿಯ ಚಿತ್ತಾರವನ್ನು ಮೂಡಿಸಿ, ಬೇರೆಬೇರೆ ಆಯ್ಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಹೊಟ್ಟೆಯ ಭಾಗ ಸಡಿಲವಾಗಿದ್ದು ಹೆಚ್ಚು ಹೀರಿಕೊಳ್ಳುವುದರಿಂದ ಅದನ್ನು ಬಳಸಲಿಲ್ಲ.

ಎಣ್ಣೆಗಳಲ್ಲಿ ದನದ ಕಾಲಿನ ಮೂಳೆಗಳಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆಯೇ ಮೇಲು. ಅದು ಚಳಿಯಲ್ಲೂ ಹೆಪ್ಪುಗಟ್ಟದೆ ಒಳಗಿಳಿಯುತ್ತದೆ. (ಚರ್ಮವನ್ನೇ ಕೈಯಲ್ಲಿ ಹಿಡಿದವರು ಎಣ್ಣೆಯ ಮೂಲಕ್ಕೆ ಮುಜುಗರಪಡುವುದು ವಿಚಿತ್ರವಾದರೂ ಅಂಥವರನ್ನು ಕಂಡಿದ್ದೇನೆ.) ಕೊಬ್ಬರಿ ಎಣ್ಣೆ ಅಗ್ಗ, ಬೇಗ ಹರಡುತ್ತದೆ, ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವ ಕಾರಣ ಚಳಿಗಾಲದಲ್ಲಿ ಚಿತ್ತಾರದ ಗೆರೆಗಳಲ್ಲಿ ಬಿಳಿ ಪುಡಿಯಂತೆ ಕಾಣಿಸಿಕೊಂಡಿತು. ಹರಳೆಣ್ಣೆಯ ಅಂಟು ಧೂಳನ್ನು ಹಿಡಿಯಿತು. ಎಣ್ಣೆ ಯಾವುದಾದರೂ ಅತಿಯಾದರೆ ಚರ್ಮ ಮೆತ್ತಗಾಗಿ ಚಿತ್ತಾರದ ಅಂಚುಗಳು ಮಂಕಾಗುತ್ತವೆ. ಬಣ್ಣಕ್ಕೆ ಮೊದಲು ತೆಳುವಾಗಿ ಒಮ್ಮೆ ಹಚ್ಚಿ ಒಂದು ರಾತ್ರಿ ಬಿಟ್ಟರೆ ಬಣ್ಣ ಸಮವಾಗಿ ಕೂರುತ್ತದೆ.

ಬಣ್ಣದಲ್ಲಿ ನಿಜವಾದ ಪೈಪೋಟಿಯಿದೆ. ಸ್ಪಿರಿಟ್ ಡೈ, ಅಂದರೆ ಸ್ಪಿರಿಟ್ಟಿನಲ್ಲಿ (ಆಲ್ಕೊಹಾಲ್) ಕರಗಿಸಿದ ಬಣ್ಣ, ಆಳಕ್ಕಿಳಿಯುತ್ತದೆ, ಬೇಗ ಒಣಗುತ್ತದೆ. ಹಾಗೆ ಬೇಗ ಒಣಗುವುದರಿಂದಲೇ ಅಗಲವಾದ ಜಾಗದಲ್ಲಿ ಪಟ್ಟೆಗಳು ಬೀಳುತ್ತವೆ. ಅದನ್ನು ಸ್ಪಿರಿಟ್ಟಿನಲ್ಲೇ ತೆಳುಮಾಡಿ ಹಲವು ಬಾರಿ ಹಚ್ಚಬೇಕು, ಒಣಗಿದ ಮೇಲೆ ಉಳಿದ ಪುಡಿಯನ್ನು ಬಟ್ಟೆಯಿಂದ ಉಜ್ಜಿ ತೆಗೆಯಬೇಕು. ಇಲ್ಲವಾದರೆ ಅದು ಅಂಗಿಗೆ ಮೆತ್ತಿಕೊಳ್ಳುತ್ತದೆ. ನೀರಿನ ಡೈ ನಿಧಾನವಾಗಿ ಒಣಗುವ ಕಾರಣ ಪಟ್ಟೆ ಕಡಿಮೆ, ವಾಸನೆಯೂ ಕಡಿಮೆ. ಆದರೆ ಚಿತ್ತಾರ ಮೂಡಿದ್ದೇ ಒದ್ದೆ ಚರ್ಮದ ಮೇಲಾದ್ದರಿಂದ, ಮತ್ತೆ ತೋಯಿಸಿದಾಗ ಒತ್ತಿದ ಭಾಗಗಳು ಉಬ್ಬಿ ಆಳ ಕುಗ್ಗುತ್ತದೆ. ಬಳ್ಳಿಯ ಹಿನ್ನೆಲೆಗೆ ಸಣ್ಣ ಕುಂಚದಿಂದ ಸ್ಪಿರಿಟ್ ಡೈಯನ್ನೇ ಹಚ್ಚುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪೂರ್ತಿ ಕಪ್ಪು ಬೇಕಿದ್ದರೆ ಎರಡನ್ನೂ ಮೀರಿಸುವುದು ಮನೆಯಲ್ಲೇ ತಯಾರಿಸುವ ಕಬ್ಬಿಣದ ನೀರು. ವಿನಿಗರ್‌ನಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಕೆಲವು ವಾರ ನೆನೆಸಿ ಸೋಸಿದರೆ ಸಾಕು. ಸ್ಟೀಲ್ ಸ್ಕ್ರಬ್ಬರ್ ಇದಕ್ಕೆ ಆಗದು, ಅದು ಸುಲಭವಾಗಿ ಕರಗುವುದಿಲ್ಲ. ಹದ ಮಾಡುವಾಗ ತೊಗಟೆಯಿಂದ ಚರ್ಮಕ್ಕೆ ಸೇರಿದ ಟ್ಯಾನಿನ್ ಎಂಬ ಒಗರು ವಸ್ತು ಕಬ್ಬಿಣದೊಡನೆ ಬೆರೆತು ಕಪ್ಪಾಗುತ್ತದೆ. ಟ್ಯಾನಿನ್ ಇರುವ ಅಳಲೆಕಾಯಿ ಮತ್ತು ಕಬ್ಬಿಣದ ಲವಣವಾದ ಅನ್ನಭೇದಿಯಿಂದ ಶಾಯಿ ಮಾಡುತ್ತಿದ್ದುದರ ಗುಟ್ಟೂ ಇದೇ. ಬಣ್ಣ ಚರ್ಮದೊಳಗೇ ಹುಟ್ಟುವುದರಿಂದ ಉಜ್ಜಿದರೆ ಕೈಗೆ ಅಂಟುವುದಿಲ್ಲ. ತೊಗಟೆಯ ಬದಲು ಕ್ರೋಮಿಯಂ ಲವಣದಿಂದ ಹದ ಮಾಡಿದ ಕ್ರೋಮ್ ಹದದ ಚರ್ಮದ ಮೇಲೆ ಮಾತ್ರ ಇದು ನಡೆಯದು. ಹಚ್ಚಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಹುಳಿಯನ್ನು ತಗ್ಗಿಸಿ, ಒಣಗಿಸಿ, ಮತ್ತೊಮ್ಮೆ ಎಣ್ಣೆ ಹಚ್ಚದಿದ್ದರೆ ಚರ್ಮ ಬಿರುಸಾಗುತ್ತದೆ. ಇದೂ ನೀರಿನ ಕೆಲಸವೇ ಆದ್ದರಿಂದ ಕುಂಚವನ್ನು ಹಗುರವಾಗಿ ಆಡಿಸಬೇಕು.

ಮೆರುಗಿನಲ್ಲಿ ಜೇನುಮೇಣ ಮತ್ತು ಎಣ್ಣೆಯ ಮಿಶ್ರಣ ಹಿತವಾದ ಹೊಳಪನ್ನು ಕೊಡುತ್ತದೆ, ಗೀರು ಬಿದ್ದರೆ ಮತ್ತೆ ತಿಕ್ಕಬಹುದು. ಆದರೆ ಗೆರೆಗಳ ಸಂದಿಯಲ್ಲಿ ಮೇಣ ಕೂತು ಬೆಳ್ಳಗೆ ಕಾಣುತ್ತದೆ, ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ಅದನ್ನು ಬಿಡಿಸಬೇಕು. ಮಳೆಗಾಲದಲ್ಲಿ ಓಡಾಡುವ ಚೀಲಕ್ಕೆ ಮೇಣ ಸಾಲದು. ಅಲ್ಲಿ ಒಣಗಿದಾಗ ಪ್ಲಾಸ್ಟಿಕ್ಕಿನಂಥ ಪದರವಾಗುವ ಅಕ್ರಿಲಿಕ್ ಫಿನಿಷ್ ಗೆಲ್ಲುತ್ತದೆ, ಸಮಪಾಲು ನೀರು ಬೆರೆಸಿ ತೆಳುವಾದ ಪದರಗಳಲ್ಲಿ ಹಚ್ಚಿದರೆ ಮಾತ್ರ. ದಪ್ಪಗೆ ಹಚ್ಚಿದ ತುಂಡಿನಲ್ಲಿ ಗೆರೆಗಳೊಳಗೆ ಗುಳ್ಳೆಗಳು ನಿಂತವು, ಬಾಗಿಸಿದಾಗ ಪದರ ಬಿರಿಯಿತು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಕೆಳಗಿನ ಸ್ಪಿರಿಟ್ ಡೈಯನ್ನೂ ಕರಗಿಸಿ ಬಳ್ಳಿಯ ಮೇಲೆ ಹರಡಿಬಿಟ್ಟಿತು. ಕಬ್ಬಿಣದ ಕಪ್ಪಿನ ಮೇಲೆ ಅದೇ ಅರಗು ಅಚ್ಚುಕಟ್ಟಾಗಿ ಕೂತರೂ, ಬಾಗದ ಪೆಟ್ಟಿಗೆ ಅಥವಾ ಚೌಕಟ್ಟಿಗೆ ಹೊರತು ಬೆಲ್ಟಿಗೆ ಅದು ತಕ್ಕುದಲ್ಲ.